ಗೊತ್ತಿರುವ ವಿಷಯದ ಸೆಮಿನಾರ್ ತಗೋಬೇಡಿ

ವಚನಗಳು ಚೆನ್ನಾಗಿ ಗೊತ್ತಿವೆ, ಭಕ್ತಿ ಕಾವ್ಯದ ರೈಟಿಂಗ್ ಸೆಮಿನಾರ್‌ಗೆ ಮೊದಲ ಸ್ಥಾನ ಕೊಟ್ಟರೆ ಎ ಗ್ರೇಡ್ ಸುಲಭವಾಗಿ ಬರುತ್ತಲ್ವಾ ಅಂತ ಕೇಳಿದ್ದೀರಿ. ರೈಟಿಂಗ್ ಸೆಮಿನಾರ್ ಅಂದರೆ ಅಮೆರಿಕದ ಕಾಲೇಜಿನಲ್ಲಿ ಒಂದು ವಿಷಯ ಇಟ್ಟುಕೊಂಡು ಪ್ರಬಂಧ ಬರೆಯಲು ಕಲಿಸುವ ತರಗತಿ; ಯಾವುದು ಬೇಕು ಅಂತ ಇಷ್ಟದ ಕ್ರಮದಲ್ಲಿ ಪಟ್ಟಿ ಕೊಡಬೇಕು. ಏಳು ವರ್ಷದ ಹಿಂದೆ ಮಂಡ್ಯದ ನಮ್ಮ ಮನೆ ಜಗಲಿ ಮೇಲೆ ಕೂತು ನಾನೂ ಇದೇ ಲೆಕ್ಕ ಹಾಕಿದ್ದೆ.

ಅಮೆರಿಕದ ಕಾಲೇಜಿನಿಂದ ಬಂದ ಪಟ್ಟಿಯಲ್ಲಿ ಇಪ್ಪತ್ತಕ್ಕೂ ಹೆಚ್ಚು ಸೆಮಿನಾರ್‌ಗಳಿದ್ದವು. ಒಂದು ನದಿ ಮತ್ತು ಅಧಿಕಾರದ ಬಗ್ಗೆ. ವಿವರಣೆಯಲ್ಲಿ ನೈಲ್, ಕೊಲರಾಡೊ, ಆಮೇಲೆ ಕಾವೇರಿ. ಆ ಹೆಸರು ಕಂಡಿದ್ದೇ ತಡ, ಪಟ್ಟಿಯ ಉಳಿದದ್ದನ್ನು ಓದಲೇ ಇಲ್ಲ. ನಮ್ಮ ಗದ್ದೆಗೆ ನೀರು ಬರುವುದು ವಿ.ಸಿ. ನಾಲೆಯಿಂದ. ಅಪ್ಪ ಬೆಳಿಗ್ಗೆ ಪೇಪರ್ ಬಿಡಿಸಿದರೆ ಮೊದಲು ನೋಡುವುದು ಕನ್ನಂಬಾಡಿ ಕಟ್ಟೆಯ ಮಟ್ಟ ಎಷ್ಟು ಅಡಿ ಅಂತ. ನನಗಿಂತ ಚೆನ್ನಾಗಿ ಇದನ್ನು ಯಾರು ಬರೆಯುತ್ತಾರೆ ಅನ್ನಿಸಿತ್ತು.

ಮೊದಲ ಪ್ರಬಂಧ ಐದು ಪುಟ. ಪಿಯುಸಿಯಲ್ಲಿ ಕಲಿತ ಹಾಗೆ ಪೀಠಿಕೆ, ವಿವರಣೆ, ಉಪಸಂಹಾರ. 1892ರ ಒಪ್ಪಂದ, 1924ರ ಒಪ್ಪಂದ, 1990ರ ನ್ಯಾಯಮಂಡಳಿ, 2007ರ ಅಂತಿಮ ತೀರ್ಪಿನಲ್ಲಿ ತಮಿಳುನಾಡಿಗೆ 419, ನಮಗೆ 270 ಟಿಎಂಸಿ, 2018ರಲ್ಲಿ ಸುಪ್ರೀಂ ಕೋರ್ಟ್ ನಮಗೆ ಹೆಚ್ಚಿಗೆ ಕೊಟ್ಟ 14.75 ಟಿಎಂಸಿ. ಒಂದನ್ನೂ ಬಿಡಲಿಲ್ಲ. ವಾರ ಬಿಟ್ಟು ಡ್ರಾಫ್ಟ್ ವಾಪಸ್ ಬಂತು, ಅಂಚಿನಲ್ಲಿ ಸೆಮಿನಾರ್ ಮೇಡಂ ಅವರ ಪೆನ್ಸಿಲ್ ಬರಹ. ಮೊದಲ ಪ್ಯಾರಾದ ಪಕ್ಕ: ‘ಇದನ್ನು ಯಾರು ಅಲ್ಲ ಅನ್ನುತ್ತಾರೆ?’ ಮೂರನೇ ಪುಟದಲ್ಲಿ: ‘ಸರಿ, ಅದಕ್ಕೆ?’ ಕೊನೆಯಲ್ಲಿ: ‘ನಿಮ್ಮ ವಾದ ಎಲ್ಲಿದೆ?’

ನಾನು ಎಡವಿದ್ದು ಇಲ್ಲೇ, ಅದಕ್ಕೇ ಬಿಡಿಸಿ ಹೇಳುತ್ತೇನೆ. ಆ ಮೂರು ಪ್ರಶ್ನೆಗಳನ್ನು ಓದಿ ನನ್ನ ಇಂಗ್ಲಿಷ್ ಸರಿಯಿಲ್ಲ ಅಂದುಕೊಂಡೆ. ವಿಷಯದಲ್ಲಿ ತಪ್ಪಿರಲು ಸಾಧ್ಯವೇ ಇಲ್ಲ, ಅದು ನಮ್ಮೂರಿನ ವಿಷಯ. ಹಾಗಾದರೆ ತಪ್ಪು ಭಾಷೆಯದ್ದೇ ಇರಬೇಕು. ಎರಡು ರಾತ್ರಿ ಕೂತು ‘ದಿ’ ಎಲ್ಲಿ ಬೇಕು, ಎಲ್ಲಿ ಬೇಡ ಅಂತ ತಿದ್ದಿದೆ, ಕಾಮಾ ಸರಿ ಮಾಡಿದೆ, ಇನ್ನೆರಡು ಅಂಕಿ-ಅಂಶ ಸೇರಿಸಿದೆ, ಕೊಟ್ಟೆ. ಎರಡನೇ ಪ್ರಬಂಧಕ್ಕೂ ಹೀಗೇ ಮಾಡಿದೆ, ಮೂರನೆಯದಕ್ಕೂ. ಕಾನ್ಫರೆನ್ಸ್ ಅಂತ ಮೇಡಂ ಇಪ್ಪತ್ತು ನಿಮಿಷ ಎದುರು ಕೂರಿಸಿಕೊಂಡು ಮಾತಾಡುತ್ತಿದ್ದರು, ನಾನು ತಲೆ ಆಡಿಸಿ ಬರುತ್ತಿದ್ದೆ. ಕೊಲರಾಡೊ ನದಿಯ ಬಗ್ಗೆ ಬರೆದಿದ್ದರೆ, ‘ನನಗೆ ಏನೋ ಅರ್ಥವಾಗಿಲ್ಲ, ಬಿಡಿಸಿ ಹೇಳಿ’ ಅಂತ ಮೊದಲ ದಿನವೇ ಕೇಳುತ್ತಿದ್ದೆ. ಕಾವೇರಿ ಆದ್ದರಿಂದ ಕೇಳಲಿಲ್ಲ.

ಸಿ ಪ್ಲಸ್ ಬಂತು. ಸ್ಕಾಲರ್‌ಶಿಪ್ ಉಳಿಯಲು ಜಿಪಿಎ, ಅಂದರೆ ಎಲ್ಲ ಕೋರ್ಸ್‌ಗಳ ಗ್ರೇಡಿನ ಸರಾಸರಿ, 3.2 ಬೇಕಿತ್ತು, ನನ್ನದು 3.17. ಎಚ್ಚರಿಕೆಯ ಪತ್ರ ಬಂತು. ಬೇಸಿಗೆಯಲ್ಲಿ ಊರಿಗೆ ಬರಲು ಇಟ್ಟಿದ್ದ ದುಡ್ಡನ್ನು ಇನ್ನೊಂದು ಕೋರ್ಸಿಗೆ ಕಟ್ಟಿ ಗ್ರೇಡ್ ಎತ್ತಿದೆ. ಆ ವರ್ಷ ತಂಗಿಯ ಮದುವೆಗೆ ಬರಲಾಗಲಿಲ್ಲ.

ಮುಂದಿನ ಸೆಮಿಸ್ಟರ್‌ನಲ್ಲಿ ಅದೇ ಪ್ರಬಂಧ ಹಿಡಿದು ಅದೇ ಮೇಡಂ ಹತ್ತಿರ ಹೋದೆ. ಅವರು ಒಂದೇ ಪ್ರಶ್ನೆ ಕೇಳಿದರು: ತಂಜಾವೂರಿನಲ್ಲಿ ಭತ್ತ ಬೆಳೆಯುವವರು ಇದನ್ನು ಓದಿದರೆ ಯಾವ ಸಾಲಿಗೆ ನಿಮ್ಮನ್ನು ತಡೆದು ನಿಲ್ಲಿಸುತ್ತಾರೆ? ಸಾಲು ಸಾಲಾಗಿ ಬೆರಳಿಟ್ಟು ಹುಡುಕಿದೆ. ಎರಡನೇ ಪುಟದಲ್ಲಿತ್ತು. 1924ರ ಒಪ್ಪಂದದ ಅವಧಿ 50 ವರ್ಷ, ಅದು 1974ರಲ್ಲಿ ಮುಗಿಯಿತು ಅಂತ ಸೂರ್ಯ ಪೂರ್ವದಲ್ಲಿ ಹುಟ್ಟುತ್ತಾನೆ ಅನ್ನುವಷ್ಟು ಖಚಿತವಾಗಿ ಬರೆದಿದ್ದೆ. ಅದು ಕರ್ನಾಟಕದ ವಾದ. 50 ವರ್ಷದ ನಂತರ ಮರುಪರಿಶೀಲನೆಗೆ ಬರುವುದು ಕೆಲವು ಷರತ್ತುಗಳು ಮಾತ್ರ, ಒಪ್ಪಂದವಲ್ಲ ಅನ್ನುವುದು ತಮಿಳುನಾಡಿನ ವಾದ. ಆ ಒಂದು ಸಾಲಿನಲ್ಲೇ ಐದು ಪುಟಕ್ಕೆ ಆಗುವಷ್ಟು ಸರಕಿತ್ತು. ಹುಟ್ಟಿದಾಗಿನಿಂದ ಒಂದೇ ಕಡೆಯ ಮಾತು ಕೇಳಿದವರಿಗೆ ಅದು ವಾದ ಅಂತಲೇ ಕಾಣುವುದಿಲ್ಲ.

ಹಾಗಾಗಿ ನಿಮ್ಮ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ. ಯಾವ ವಿಷಯ ಸುಲಭ ಅನ್ನುವುದನ್ನು ಬಿಟ್ಟುಬಿಡಿ. ಹಾರ್ವರ್ಡ್‌ನಲ್ಲಿ 1872ರಿಂದ ಎಲ್ಲರಿಗೂ ಬರವಣಿಗೆಯ ಕೋರ್ಸ್ ಕಡ್ಡಾಯ, ಪ್ರಿನ್ಸ್‌ಟನ್‌ನಲ್ಲಿ ಒಂದು ತರಗತಿಗೆ ಹನ್ನೆರಡೇ ಜನ. ನೀವು ಬರೆದದ್ದನ್ನು ಒಬ್ಬರು ಕೂತು ಗಮನವಿಟ್ಟು ಓದಲಿ ಅಂತಲೇ ಇಷ್ಟು ಏರ್ಪಾಡು. ಅಲ್ಲಿ ನದಿ, ವಚನ, ನಕಾಶೆ ಎಲ್ಲ ಬರೆಯಲು ಒಂದು ನೆಪ. ಸಿಲಬಸ್ ಸಿಕ್ಕರೆ ಒಂದು ಪ್ರಬಂಧಕ್ಕೆ ಎಷ್ಟು ಡ್ರಾಫ್ಟ್, ಎಷ್ಟು ಕಾನ್ಫರೆನ್ಸ್ ಅಂತ ನೋಡಿ. ಬೆಳಿಗ್ಗೆ ಎಂಟು ಗಂಟೆಯ ಕ್ಲಾಸ್ ಅಂತ ಒಳ್ಳೆಯ ಮೇಷ್ಟ್ರನ್ನು ಬಿಡಬೇಡಿ.

ಇಂಗ್ಲಿಷ್ ಮಾತೃಭಾಷೆಯಲ್ಲದವರ ಸೆಕ್ಷನ್ ಅವಮಾನ ಅಂತ ಬರೆದಿದ್ದೀರಿ. ಅವಮಾನ ಏನೂ ಇಲ್ಲ. ನನ್ನ ರೂಮ್‌ಮೇಟ್ ಅಲ್ಲಿದ್ದಳು, ಡ್ರಾಫ್ಟ್ ಹೇಗೆ ತಿದ್ದಬೇಕು ಅಂತ ನನಗಿಂತ ಮೊದಲೇ ಕಲಿತಳು.

ಭಕ್ತಿ ಕಾವ್ಯವನ್ನು ಪಟ್ಟಿಯಿಂದ ತೆಗೆಯಿರಿ. ಬಿಡಲು ಮನಸ್ಸೇ ಬರದಿದ್ದರೆ ಬಸವಣ್ಣನವರ ಮೇಲೆ ಬರೆಯಬೇಡಿ, ಕಬೀರ್ ಅಥವಾ ತಮಿಳಿನ ಆಂಡಾಳ್ ತಗೊಳ್ಳಿ. ನಿಮ್ಮ ಪಟ್ಟಿಯಲ್ಲಿ ನಕಾಶೆಗಳ ಸೆಮಿನಾರ್ ಇದೆಯಲ್ಲ, ಅದರಲ್ಲಿ ಏನು ಹೇಳಿಕೊಡುತ್ತಾರೋ ಗೊತ್ತೇ ಆಗಲಿಲ್ಲ ಅಂದಿದ್ದೀರಿ. ಮೊದಲ ಸ್ಥಾನ ಅದಕ್ಕೆ ಕೊಡಿ. ಮೊದಲ ಡ್ರಾಫ್ಟ್ ವಾಪಸ್ ಬಂದ ದಿನ ಕಾಮಾ ಮುಟ್ಟುವ ಮೊದಲು ಅಂಚಿನ ಪ್ರಶ್ನೆಗಳನ್ನು ಬೇರೆ ಹಾಳೆಯಲ್ಲಿ ಬರೆದುಕೊಂಡು ಮೇಷ್ಟ್ರ ಹತ್ತಿರ ಹೋಗಿ. ಆ ಪ್ರಶ್ನೆಗಳು ಏನು ಕೇಳುತ್ತಿವೆ ಅಂತ ತಿಳಿಯದಿದ್ದರೆ ನನಗೂ ಬರೆಯಿರಿ, ಕೂತು ನೋಡೋಣ.