ಹೊರಡುವ ತನಕ ಏನು ಮಾಡುತ್ತೀಯ?

ನೈಜೀರಿಯಾದ ಲಾಗೋಸ್‌ನಲ್ಲಿ ನನ್ನ ಹತ್ತಿರ ಆಪ್ತಸಲಹೆಗೆ ಬರುವ ಹುಡುಗರಲ್ಲಿ ಒಂದೇ ಥರದ ಕಥೆ ಮತ್ತೆ ಮತ್ತೆ ಕೇಳುತ್ತೇನೆ. ಮನೆಗೆ ಹಿರಿಯ ಮಗ, ಓದಿನಲ್ಲಿ ಚುರುಕು, ಕೈಯಲ್ಲಿ ಡಿಗ್ರಿ. ಈಗೇನು ಮಾಡ್ತಿದ್ದೀಯಪ್ಪ ಅಂದರೆ 'ಪ್ರೊಸೆಸಿಂಗ್ ನಡೀತಿದೆ' ಅನ್ನುತ್ತಾನೆ. ವಿದೇಶಕ್ಕೆ ಹೊರಡುವ ತಯಾರಿ ಅಂತ ಅರ್ಥ. ಇಲ್ಲಿನ ಹುಡುಗರ ಬಾಯಲ್ಲಿ ಅದು 'ಜಪಾ'. ತಯಾರಿ ಎರಡು ವರ್ಷ, ಮೂರು ವರ್ಷ ಎಳೆಯುತ್ತದೆ. ಅಷ್ಟು ದಿನ ಬೇರೆ ಯಾವುದಕ್ಕೂ ಕೈ ಹಾಕುವ ಹಾಗಿಲ್ಲ. ಹೇಗೂ ಹೋಗುವವನು ತಾನೆ!

ಇವರನ್ನು ಸೋಮಾರಿಗಳು ಅನ್ನುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಹಾಗಂತ ಇವರು ಹೇಳುವುದಕ್ಕೆಲ್ಲ ತಲೆಯಾಡಿಸುವುದೂ ನನ್ನಿಂದ ಆಗುವುದಿಲ್ಲ. ಒಬ್ಬನ ವಿಷಯ ಹೇಳುತ್ತೇನೆ. ತುಂಡೆ ಅನ್ನೋಣ. ಹೆಸರು ಅವನದ್ದಲ್ಲ, ಗುರುತು ಸಿಗುವಂಥ ವಿವರಗಳನ್ನೂ ಬದಲಿಸಿದ್ದೇನೆ.

ವಯಸ್ಸು 27. ಚಿಕ್ಕಮ್ಮ ಕರೆದುಕೊಂಡು ಬಂದಿದ್ದರು. 'ಎಂಥಾ ತಲೆ ಇವನದು, ಹಾಳು ಮಾಡ್ಕೊಳ್ತಿದ್ದಾನೆ' ಅನ್ನುವುದು ಅವರ ದೂರು. ತುಂಡೆಯದ್ದೂ ಅದೇ ದೂರು, ತನ್ನ ಮೇಲೆ ತಾನೇ. 'ನನ್ನ ವಯಸ್ಸಿನವರು ಎಲ್ಲೆಲ್ಲೋ ಮುಟ್ಟಿದ್ದಾರೆ. ನಾನು ಟೈಮ್ ವೇಸ್ಟ್ ಮಾಡಿದೆ ಮಾ.' ಇಲ್ಲಿ ಹಿರಿಯ ಹೆಂಗಸರನ್ನು 'ಮಾ' ಅಂತಲೇ ಕರೆಯುತ್ತಾರೆ.

ನಿಜವಾಗಿ ಟೈಮ್ ವೇಸ್ಟ್ ಮಾಡಿದವರು ಯಾರು? 2016ರಲ್ಲಿ ಐದು ವರ್ಷದ ಎಂಜಿನಿಯರಿಂಗ್‌ಗೆ ಸೇರಿದ. 2020ರ ಮಾರ್ಚ್‌ನಲ್ಲಿ ಸರ್ಕಾರಿ ವಿಶ್ವವಿದ್ಯಾಲಯಗಳ ಅಧ್ಯಾಪಕರು ಮುಷ್ಕರ ಹೂಡಿದರು, ಮುಗಿದದ್ದು ಡಿಸೆಂಬರ್‌ಗೆ. ನಡುವೆ ಕೋವಿಡ್. 2022ರಲ್ಲಿ ಇನ್ನೊಂದು ಮುಷ್ಕರ, ಫೆಬ್ರವರಿಯಿಂದ ಅಕ್ಟೋಬರ್ ತನಕ. ಐದು ವರ್ಷದ ಓದು ಏಳು ವರ್ಷ ಹಿಡಿಯಿತು. ಆಮೇಲೆ ಎನ್‌ವೈಎಸ್‌ಸಿ. ಪದವಿ ಮುಗಿಸಿದವರು ಖಾಕಿ ತೊಟ್ಟು ಒಂದು ವರ್ಷ ದೇಶಸೇವೆ ಮಾಡಲೇಬೇಕು, 1973ರಿಂದ ಇರುವ ಕಾನೂನು. ಇವನನ್ನು ದೂರದ ಒಂದು ಶಾಲೆಗೆ ಹಾಕಿದರು. ಆಗ ಭತ್ಯೆ ತಿಂಗಳಿಗೆ 33,000 ನೈರಾ.

ಅವನು ಉಳಿತಾಯ ಶುರುಮಾಡಿದ ಹೊತ್ತಿಗೆ ನೈರಾ ಬಿತ್ತು. 2023ರ ಜೂನ್‌ಗೆ ಮುಂಚೆ ಡಾಲರ್‌ಗೆ ಸುಮಾರು 460 ಇದ್ದದ್ದು ಮರುವರ್ಷದ ಆರಂಭದಲ್ಲೇ 1,500 ದಾಟಿತು. ಅದೇ 2024ರ ಜನವರಿಯಿಂದ ಕೆನಡಾ, ಓದಲು ಬರುವವರು ಖರ್ಚಿಗೆ ತೋರಿಸಬೇಕಾದ ಹಣವನ್ನು 10,000 ಕೆನಡಾ ಡಾಲರ್‌ನಿಂದ 20,635ಕ್ಕೆ ಏರಿಸಿತು. ತುಂಡೆ ಹೋಗಬೇಕೆಂದಿದ್ದದ್ದು ಅಲ್ಲಿಗೇ.

ಇದನ್ನೆಲ್ಲ ಮೊದಲ ಭೇಟಿಯಲ್ಲೇ ಹಾಳೆಯ ಮೇಲೆ ಬರೆಸಿದೆ. ನಿನ್ನ ಕೈಯಾರೆ ಹೋದ ವರ್ಷಗಳೆಷ್ಟು, ನಿನ್ನಿಂದ ಕಿತ್ತುಕೊಂಡ ವರ್ಷಗಳೆಷ್ಟು, ಬೇರೆ ಬೇರೆ ಮಾಡು ಅಂದೆ. ಎಷ್ಟೋ ಜನಕ್ಕೆ ಇಷ್ಟರಿಂದಲೇ ಎದೆಭಾರ ಇಳಿಯುತ್ತದೆ. ಇವನಿಗೆ ಇಳಿಯಲಿಲ್ಲ. ಕಳೆದುಹೋದದ್ದನ್ನು ಒಟ್ಟಿಗೇ ಹಿಡಿಯಬೇಕು ಅಂತ ರಾತ್ರಿಯಿಡೀ ಕೋರ್ಸ್ ಮಾಡುತ್ತಿದ್ದ. ರಾತ್ರಿ ಡೇಟಾ ಅಗ್ಗ. ಡೇಟಾ ಅನಾಲಿಸಿಸ್, ಸೈಬರ್ ಸೆಕ್ಯುರಿಟಿ, ಪ್ರಾಜೆಕ್ಟ್ ಮ್ಯಾನೇಜ್‌ಮೆಂಟ್, ಹೀಗೆ ಮೊಬೈಲ್ ತುಂಬ ಸರ್ಟಿಫಿಕೇಟು. ಅವುಗಳಲ್ಲಿ ಒಂದನ್ನೂ ಬಳಸಿ ಯಾರಿಗೂ ಏನೂ ಮಾಡಿಕೊಟ್ಟಿರಲಿಲ್ಲ. ಬೆಳಿಗ್ಗೆ ಎದ್ದರೆ 'ನಿನ್ನ ಭವಿಷ್ಯ ನಿನ್ನ ಕೈಯಲ್ಲಿ' ಅನ್ನುವ ಭಾಷಣಗಳು ಕಿವಿಯಲ್ಲಿ. ಆ ಭಾಷಣಕಾರರಲ್ಲಿ ಒಬ್ಬರಾದರೂ ಮುಷ್ಕರದ ಸುದ್ದಿ ಎತ್ತಿದ್ದನ್ನು ನಾನಂತೂ ಕೇಳಿಲ್ಲ.

ತಿರುವು ಸಿಕ್ಕಿದ್ದು ಮುಂದೊಂದು ಭೇಟಿಯಲ್ಲಿ. ಹಿಂದಿನ ವಾರ ಪ್ರತಿ ಗಂಟೆ ಏನು ಮಾಡಿದೆ ಅಂತ ಬರೆದು ತರಲು ಹೇಳಿದ್ದೆ. ತಂದಿದ್ದ. ದಿನಾ ಸಂಜೆ ನಾಲ್ಕರಿಂದ ಆರು ಮಾತ್ರ ಖಾಲಿ.

'ಇದೇನು?'

'ಅದೇನಿಲ್ಲ ಮಾ. ನಮ್ಮ ಬೀದಿ ಹುಡುಗರು ಬರ್ತಾರೆ. ಜ್ಯಾಂಬ್‌ಗೆ ಗಣಿತ, ಫಿಸಿಕ್ಸ್ ಹೇಳಿಕೊಡ್ತೀನಿ. ಸುಮ್ನೆ, ಹೊತ್ತು ಹೋಗಲಿ ಅಂತ.'

ಜ್ಯಾಂಬ್ ಅಂದರೆ ಇಲ್ಲಿ ವಿಶ್ವವಿದ್ಯಾಲಯಕ್ಕೆ ಸೇರಲು ಬರೆಯುವ ಪರೀಕ್ಷೆ. ಎರಡು ಗಂಟೆ, 180 ಪ್ರಶ್ನೆ, 400 ಅಂಕ, ಎಲ್ಲ ಕಂಪ್ಯೂಟರ್ ಮೇಲೆ. 2024ರಲ್ಲಿ 18 ಲಕ್ಷಕ್ಕೂ ಜಾಸ್ತಿ ಜನ ಬರೆದರು. ನಾಲ್ಕರಲ್ಲಿ ಮೂರು ಪಾಲು ಮಕ್ಕಳಿಗೆ 200 ಕೂಡ ಬರಲಿಲ್ಲ. ತುಂಡೆಯ ಹುಡುಗರಲ್ಲಿ ಇಬ್ಬರು 270 ದಾಟಿದ್ದರು. ಇದನ್ನು ಅವನು ಹೇಳಿದ್ದು ನಾನು ಕೆದಕಿ ಕೇಳಿದ ಮೇಲೆ. ಯಾವ ಹುಡುಗ ಎಲ್ಲಿ ತಪ್ಪುತ್ತಾನೆ ಅಂತ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಟ್ಟಿದ್ದ. ಸೇವೆಯ ವರ್ಷ ಶಾಲೆಯಲ್ಲಿ ಕಲಿತ ಅಭ್ಯಾಸವಂತೆ. ಫೀಸ್ ಎಷ್ಟು ಅಂದರೆ ನಕ್ಕುಬಿಟ್ಟ.

'ನೀನು ಚೆನ್ನಾಗಿ ಮಾಡುವ ಕೆಲಸ ಇದು. ಇದನ್ನೇ ಯಾಕೆ ಸರಿಯಾಗಿ ಮಾಡಬಾರದು?' ಅಂದೆ.

ಅವನ ಮುಖ ಬಿಗಿಯಾಯಿತು. 'ಅಂದ್ರೆ ನಾನು ಇಲ್ಲೇ ಇರಬೇಕು ಅಂತೀರಾ? ನೀವೂ ನಿಮ್ಮ ದೇಶ ಬಿಟ್ಟು ಬಂದವರೇ ಅಲ್ವಾ ಮಾ?'

ಮಾತು ನೇರವಾಗಿ ಬಂದು ತಾಕಿತು. ಭಾರತದಿಂದ ಬಂದವಳು ನೈಜೀರಿಯಾದ ಹುಡುಗನಿಗೆ 'ನಿನ್ನ ಊರಲ್ಲೇ ಇರಪ್ಪ' ಅಂದರೆ ಅದಕ್ಕಿಂತ ತಮಾಷೆ ಇನ್ನೇನಿದೆ? ಜಾರಿಕೊಳ್ಳುವುದು ಬೇಡ ಅನ್ನಿಸಿ ಇದ್ದದ್ದು ಇದ್ದ ಹಾಗೆ ಹೇಳಿದೆ. 'ಹೌದು, ಬಂದೆ. ನನ್ನ ಟಿಕೆಟ್ಟಿಗೆ ದುಡ್ಡು ಕೊಟ್ಟದ್ದು ನನ್ನ ಗಂಡನ ಕಂಪನಿ. ನಿನಗೆ ಆ ಅನುಕೂಲ ಇಲ್ಲ, ಅದು ಅನ್ಯಾಯವೇ. ಆದರೆ ಹೊರಡುವ ಹಿಂದಿನ ವಾರದ ತನಕ ನಾನು ಮೈಸೂರಿನಲ್ಲಿ ಕೆಲಸ ಮಾಡ್ತಿದ್ದೆ. ಇಲ್ಲಿಗೆ ಬಂದಾಗ ನನ್ನ ಹತ್ತಿರ ಇದ್ದದ್ದು ಅದೊಂದೇ. ನೀನು ಹೋಗು, ಬೇಡ ಅನ್ನಲ್ಲ. ಹೊರಡುವ ತನಕ ಏನು ಮಾಡ್ತೀಯ?'

ತುಂಬ ಹೊತ್ತು ಕೂತಿದ್ದ. ಕೊನೆಗೆ ಅಂದ, 'ಇಲ್ಲಿ ಏನಾದರೂ ಶುರುಮಾಡಿದರೆ ಹೋಗೋದಿಲ್ಲ ಅಂತ ಒಪ್ಪಿಕೊಂಡ ಹಾಗೆ. ಅದಕ್ಕೇ ಮನೆಗೆ ಒಂದು ಕುರ್ಚಿ ಕೂಡ ಕೊಂಡಿಲ್ಲ ನಾನು.'

ಬಸ್ಸು ಬರುವ ತನಕ ನಿಲ್ದಾಣದಲ್ಲೇ ಸಂಸಾರ ಮಾಡಿದ ಹಾಗಿದೆ ಇದು. ಬಸ್ಸಿನ ಟೈಮ್ ಇವನ ಕೈಯಲ್ಲಿಲ್ಲ. ಡಾಲರ್ ದರ, ವೀಸಾ ನಿಯಮ ಎಲ್ಲ ಬೇರೆಯವರ ಮೇಜಿನ ಮೇಲೆ ಬದಲಾಗುತ್ತವೆ. ಸಂಜೆ ನಾಲ್ಕರಿಂದ ಆರು ಮಾತ್ರ ಅವನದ್ದು. ಅದನ್ನೇ ಲೆಕ್ಕಕ್ಕೆ ಇಟ್ಟಿರಲಿಲ್ಲ.

ನಾನು ಕೊಟ್ಟ ಸಲಹೆ ಇಷ್ಟೇ. ಮೂರು ತಿಂಗಳು ಹೊಸ ಕೋರ್ಸ್ ಬೇಡ. ಸಂಜೆಯ ಪಾಠಕ್ಕೆ ಫೀಸ್ ಇಡು, ಕೊಡಲಾಗದವರಿಗೆ ಬಿಡು. ಆದರೆ ಪುಸ್ತಕದಲ್ಲಿ ಬರೆ. ಕಲಿತ ಡೇಟಾ ವಿದ್ಯೆಯನ್ನು ಆ ನೋಟ್‌ಬುಕ್ಕಿನ ಮೇಲೆ ಹಾಕು. ಕೆನಡಾದ ಕೆಲಸಕ್ಕೆ ಶನಿವಾರ ಬೆಳಿಗ್ಗೆ ಮಾತ್ರ.

ಇದಕ್ಕೆ ಜೊತೆಯವರಿಂದ ಬೈಸಿಕೊಂಡಿದ್ದೇನೆ. ಎಂಜಿನಿಯರ್ ಹುಡುಗನ ಆಸೆಯನ್ನು ಚಿಕ್ಕದು ಮಾಡಿದೆ ಅಂದರು. ನಾನು ಒಪ್ಪುವುದಿಲ್ಲ. ಬೀದಿಯ ಒಂಬತ್ತು ಮಕ್ಕಳನ್ನು ವಿಶ್ವವಿದ್ಯಾಲಯದ ಬಾಗಿಲಿಗೆ ಮುಟ್ಟಿಸುವುದು ಯಾವ ಲೆಕ್ಕದಲ್ಲಿ ಚಿಕ್ಕದು? ನಾಲ್ಕು ಜನರ ಎದುರು ನಿಂತು ಕೆಲಸ ಮಾಡದ ಹೊರತು ಯಾರಿಗೂ ತಮ್ಮ ಶಕ್ತಿ ಎಷ್ಟು ಅಂತ ಗೊತ್ತಾಗುವುದಿಲ್ಲ. ಆತ್ಮವಿಶ್ವಾಸ ಮೊದಲು, ಕೆಲಸ ಆಮೇಲೆ ಅನ್ನುವವರಿದ್ದಾರೆ. ನನ್ನ ಕೋಣೆಯಲ್ಲಿ ಅದು ಉಲ್ಟಾ ಆಗಿರುವುದನ್ನೇ ನಾನು ಜಾಸ್ತಿ ನೋಡಿದ್ದೇನೆ. ನಿಮ್ಮ ಮನೆಯಲ್ಲಿ ಇಂಥ ಮಗನೋ ತಮ್ಮನೋ ಇದ್ದರೆ ಮುಂದಿನ ಪ್ಲಾನ್ ಏನು ಅಂತ ಕೇಳಬೇಡಿ. ಅವನು 'ಅದೇನಿಲ್ಲ' ಅಂತ ತಳ್ಳಿಹಾಕುವ ಕೆಲಸ ಯಾವುದು ನೋಡಿ.

ತುಂಡೆ ಫೀಸ್ ಇಟ್ಟ. ಇಬ್ಬರು ಹುಡುಗರು ಬಿಟ್ಟರು, ಆರು ಜನ ಹೊಸಬರು ಬಂದರು. ಫೀಸ್ ತಡವಾಗಿ ಬರುತ್ತದೆ. ಕರೆಂಟ್ ಇಲ್ಲದ ದಿನ ಜನರೇಟರ್ ಪೆಟ್ರೋಲ್‌ಗೇ ಅರ್ಧ ಹೋಗುತ್ತದೆ. ಕೋರ್ಸ್ ಬೇಡ ಅಂದಿದ್ದರೂ ಕದ್ದು ಒಂದಕ್ಕೆ ಸೇರಿದ್ದಾನೆ. ಕೆನಡಾ ಅರ್ಜಿಯನ್ನೂ ಬಿಟ್ಟಿಲ್ಲ.

ಹೋದ ತಿಂಗಳು ಅವನ ತಾಯಿ ಫೋನ್ ಮಾಡಿದ್ದರು. ಮನೆಪಾಠ ಹೇಳುವವರನ್ನು ಇಲ್ಲಿ 'ಲೆಸನ್ ಟೀಚರ್' ಅನ್ನುತ್ತಾರೆ, ಅದರಲ್ಲಿ ಗೌರವ ಕಮ್ಮಿ. 'ಏಳು ವರ್ಷ ಓದಿಸಿದ್ದು ಲೆಸನ್ ಟೀಚರ್ ಆಗಲಿ ಅಂತಲಾ?' ಅಂತ ಕೇಳಿದರು. ಮಗ ಈಗ ರಾತ್ರಿ ನಿದ್ದೆ ಮಾಡ್ತಾನಾ ಅಂದೆ. ಮಾಡ್ತಾನೆ, ಅದಕ್ಕೂ ಇದಕ್ಕೂ ಏನು ಸಂಬಂಧ ಅಂದರು. ಅವರ ಸಿಟ್ಟು ಇಳಿದಿಲ್ಲ. ಮುಂದಿನ ಸಲ ಅಮ್ಮನನ್ನೂ ಕರೆದುಕೊಂಡು ಬಾ, ಫೀಸ್ ಪುಸ್ತಕ ಮರೆಯಬೇಡ ಅಂತ ತುಂಡೆಗೆ ಹೇಳಿದ್ದೇನೆ.