1:72 ಅಳತೆಯಲ್ಲಿ ಯುದ್ಧಕಾಲದ ಹಳ್ಳಿಯ ಡಯೋರಾಮಾವನ್ನು ಕಿಟ್ ಇಲ್ಲದೆ ಮೊದಲಿನಿಂದ ಕಟ್ಟುವುದು ಹೇಗೆ?

ನಿಮ್ಮಲ್ಲಿ 1:72ರ, ಅಂದರೆ ನಿಜದ 72ರಲ್ಲಿ ಒಂದು ಪಾಲು ಅಳತೆಯ, ಒಂದು ಶರ್ಮನ್ ಟ್ಯಾಂಕ್ ಇದೆ, ಹತ್ತಾರು ಸೈನಿಕರ ಬೊಂಬೆಗಳಿವೆ, 30 × 40 ಸೆಂ.ಮೀ. ಅಳತೆಯ ಒಂದು ಹಲಗೆ ಇದೆ. 1944ರ ಫ್ರಾನ್ಸಿನ ನಾರ್ಮಂಡಿಯ ಹಾಳುಬಿದ್ದ ಹಳ್ಳಿಯ ಡಯೋರಾಮಾವನ್ನು, ಅಂದರೆ ಆ ದೃಶ್ಯದ ಪುಟ್ಟ ಮಾದರಿಯನ್ನು, ಕಟ್ಟಡಗಳ ಸಿದ್ಧ ಕಿಟ್ ಕೊಳ್ಳದೆ ಕೈಯಲ್ಲೇ ಮಾಡಬೇಕು, ಎಲ್ಲಿಂದ ಶುರು ಮಾಡಲಿ ಎಂದು ಕೇಳಿದ್ದೀರಿ. ಟ್ಯಾಂಕನ್ನು ಸದ್ಯಕ್ಕೆ ಪೆಟ್ಟಿಗೆಯಲ್ಲೇ ಇಡಿ, ಮನೆಯಿಂದ ಶುರು ಮಾಡಿ. ಯುದ್ಧ ಬರುವ ಮುಂಚಿನ ದಿನ ಆ ಊರು ಹೇಗಿತ್ತು, ಯಾವ ಮನೆಯಲ್ಲಿ ಯಾರಿದ್ದರು, ಅಂಗಡಿ ಯಾವುದು, ಕೊಟ್ಟಿಗೆ ಯಾವುದು ಎನ್ನುವುದು ಕಾಗದದ ಮೇಲೆ ಪೂರ್ತಿಯಾಗುವವರೆಗೆ ಒಂದು ಗೋಡೆಯನ್ನೂ ಒಡೆಯಬೇಡಿ. ನಾನು ಹಲವು ವರ್ಷಗಳಿಂದ ಇದನ್ನೇ ಮಾಡುತ್ತಾ ಬಂದಿದ್ದೇನೆ. ನೋಡುವವರ ಮನಸ್ಸಿಗೆ ತಟ್ಟುವ ಡಯೋರಾಮಾಗಳೆಲ್ಲ ಮೊದಲು ಊರಾಗಿದ್ದು ಆಮೇಲೆ ಹಾಳಾದವು ಎಂದು ನನಗೆ ಖಚಿತವಾಗಿದೆ.

ಮೊದಲು ಸ್ಥಳ ಮತ್ತು ತಾರೀಖು ಗೊತ್ತುಮಾಡಿಕೊಳ್ಳಿ. "ನಾರ್ಮಂಡಿ" ಎಂದಷ್ಟೇ ಅಂದುಕೊಂಡರೆ ಸಾಲದು. ಕಾನ್ ನಗರದ ಸುತ್ತಲಿನ ಬಯಲಿನ ಮನೆಗಳು ತಿಳಿ ಹಳದಿ ಸುಣ್ಣಕಲ್ಲಿನವು. ಪೂರ್ವಕ್ಕೆ ಪೇ ದೋಜ್ ಪ್ರದೇಶದ ಕಡೆ ಹೋದರೆ ಮರದ ಚೌಕಟ್ಟಿನ ನಡುವೆ ಮಣ್ಣು ಮೆತ್ತಿದ ಮನೆಗಳು, ಕೆಲವಕ್ಕೆ ಹುಲ್ಲಿನ ಮಾಡು. ದಕ್ಷಿಣದ ಮೊರ್ತೆನ್ ಕಡೆ ಬೂದು ಗ್ರಾನೈಟು. ಯಾವ ಸೈನ್ಯ ಎನ್ನುವುದೂ ಇದರ ಜೊತೆಯಲ್ಲೇ ತೀರ್ಮಾನವಾಗುತ್ತದೆ: 1944ರ ಜೂನ್ 6ರಂದು ಅಮೆರಿಕನ್ನರು ಇಳಿದದ್ದು ಪಶ್ಚಿಮದ ದಡಗಳಲ್ಲಿ, ಬ್ರಿಟಿಷರು ಮತ್ತು ಕೆನಡಿಯನ್ನರು ಕಾನ್ ಕಡೆಯ ಪೂರ್ವದ ದಡಗಳಲ್ಲಿ. ನಿಮ್ಮ ಶರ್ಮನ್ ಉದ್ದ ಕೊಳವೆಯ ಫೈರ್‌ಫ್ಲೈ ಆಗಿದ್ದರೆ ಅದು ಬ್ರಿಟಿಷರ ಕಡೆಯದು, ಹಾಗಾಗಿ ಸುಣ್ಣಕಲ್ಲಿನ ಊರಿಗೆ ಹೊಂದುತ್ತದೆ. ಮೂತಿಯಲ್ಲಿ ಉಕ್ಕಿನ ಹಲ್ಲುಗಳಿರುವ ಅಮೆರಿಕನ್ ಶರ್ಮನ್ ಆಗಿದ್ದರೆ ಜೂನ್ ತಿಂಗಳ ದೃಶ್ಯ ಬೇಡ. ಪೊದೆ ಬೆಳೆದ ಮಣ್ಣಿನ ಬೇಲಿದಿಬ್ಬಗಳನ್ನು ಸೀಳಲು ಸಾರ್ಜೆಂಟ್ ಕರ್ಟಿಸ್ ಕ್ಯುಲಿನ್ ಹೆಸರಿನಲ್ಲಿ ಪ್ರಸಿದ್ಧವಾದ ಆ ಸಾಧನ ದೊಡ್ಡ ಸಂಖ್ಯೆಯಲ್ಲಿ ಬಳಕೆಗೆ ಬಂದದ್ದು ಜುಲೈ 25ರಂದು ಶುರುವಾದ ಅಮೆರಿಕನ್ನರ ಕೋಬ್ರಾ ಕಾರ್ಯಾಚರಣೆಯ ಹೊತ್ತಿಗೆ. ಅದನ್ನು ಮಾಡಿದ ಉಕ್ಕಿನಲ್ಲಿ ಬಹಳಷ್ಟು ಜರ್ಮನ್ನರೇ ಸಮುದ್ರ ದಂಡೆಯಲ್ಲಿ ನೆಟ್ಟಿದ್ದ ತಡೆಗಳಿಂದ ಬಂದದ್ದು.

ಆಕರಕ್ಕೆ ಯುದ್ಧದ ಫೋಟೊಗಳ ಜೊತೆಗೆ 20ನೇ ಶತಮಾನದ ಆರಂಭದ ಫ್ರೆಂಚ್ ಪೋಸ್ಟ್‌ಕಾರ್ಡುಗಳನ್ನು ನೋಡಿ. ಸಣ್ಣ ಸಣ್ಣ ಹಳ್ಳಿಗಳ ಬೀದಿ, ಚರ್ಚು, ಅಂಗಡಿಗಳ ಚಿತ್ರಗಳೂ ಕಾರ್ಡುಗಳಾಗಿ ಅಚ್ಚಾಗಿವೆ, ಅಂತರ್ಜಾಲದಲ್ಲಿ ಧಾರಾಳವಾಗಿ ಸಿಗುತ್ತವೆ. ಯುದ್ಧದ ಫೋಟೊ ನಿಮಗೆ ಕುಸಿದ ಗೋಡೆಯನ್ನು ತೋರಿಸುತ್ತದೆ, ಆ ಗೋಡೆ ನಿಂತಿದ್ದಾಗ ಹೇಗಿತ್ತು ಎನ್ನುವುದು ಕಾರ್ಡಿನಲ್ಲಿದೆ. ಎರಡನ್ನೂ ಅಕ್ಕಪಕ್ಕ ಇಟ್ಟುಕೊಂಡು ಕೆಲಸ ಮಾಡುವುದರಲ್ಲಿ ಬಹಳ ಲಾಭವಿದೆ.

ಇನ್ನು ಲೆಕ್ಕ. 1.75 ಮೀಟರ್ ಎತ್ತರದ ಮನುಷ್ಯ 1:72ರಲ್ಲಿ 24 ಮಿ.ಮೀ. ಆಗುತ್ತಾನೆ. 2 ಮೀಟರಿನ ಬಾಗಿಲು 28 ಮಿ.ಮೀ., ಅರ್ಧ ಮೀಟರ್ ದಪ್ಪದ ಕಲ್ಲುಗೋಡೆ 7 ಮಿ.ಮೀ., 5 ಮೀಟರ್ ಅಗಲದ ಬೀದಿ 70 ಮಿ.ಮೀ. ಶರ್ಮನ್ ಸುಮಾರು 81 ಮಿ.ಮೀ. ಉದ್ದ, 36 ಮಿ.ಮೀ. ಅಗಲ. ನಿಮ್ಮ ಹಲಗೆ ನಿಜದಲ್ಲಿ ಹೆಚ್ಚುಕಡಿಮೆ 22 × 29 ಮೀಟರಿನ ಜಾಗ. ಅದರಲ್ಲಿ ಹಳ್ಳಿ ಹಿಡಿಯುವುದಿಲ್ಲ, ಹಳ್ಳಿಯ ಒಂದು ಮೂಲೆ ಹಿಡಿಯುತ್ತದೆ: ಎರಡು ಮನೆ, ಒಂದು ಕಾಂಪೌಂಡು ಗೋಡೆ, ಒಂದು ಬೀದಿ ತಿರುವು. 30 ಮೀಟರಿನ ಚರ್ಚಿನ ಗೋಪುರ ನಿಮ್ಮ ಮೇಜಿನ ಮೇಲೆ 40 ಸೆಂ.ಮೀ. ದಾಟಿ ನಿಲ್ಲುತ್ತದೆ, ಆ ಆಸೆ ಬಿಡಿ. ಬದಲಿಗೆ ಮೊದಲ ಮಹಾಯುದ್ಧದಲ್ಲಿ ಸತ್ತವರ ಸ್ಮಾರಕಸ್ತಂಭ ಇಡಿ. 1918ರ ನಂತರದ ವರ್ಷಗಳಲ್ಲಿ ಫ್ರಾನ್ಸಿನ ಬಹುತೇಕ ಎಲ್ಲ ಊರುಗಳಲ್ಲೂ ಅಂಥದ್ದೊಂದು ಎದ್ದಿತ್ತು. ಅಪ್ಪಂದಿರ ಹೆಸರು ಕೆತ್ತಿದ ಆ ಕಲ್ಲಿನ ಪಕ್ಕದಲ್ಲೇ ಇನ್ನೊಂದು ಯುದ್ಧದ ಟ್ಯಾಂಕ್ ಹಾದುಹೋಗುವುದು, ನನ್ನ ಮಟ್ಟಿಗೆ, ಯಾವ ಸ್ಫೋಟಕ್ಕಿಂತ ಹೆಚ್ಚು ಹೇಳುತ್ತದೆ. ಮಾಡುವುದೂ ಸುಲಭ: 6 ಮಿ.ಮೀ. ಚೌಕದ ಮರದ ಕಡ್ಡಿ, ಅದರ ಬುಡಕ್ಕೆ ಮೂರು ಮೆಟ್ಟಿಲು.

ಜಾಗ ಹಂಚುವಾಗ ಬೀದಿಯನ್ನಾಗಲಿ ಮನೆಯನ್ನಾಗಲಿ ಹಲಗೆಯ ಅಂಚಿಗೆ ಸಮಾನಾಂತರವಾಗಿ ಇಡಬೇಡಿ. ಹತ್ತು ಹದಿನೈದು ಡಿಗ್ರಿ ಓರೆ ಮಾಡಿದರೆ ಸಾಕು, ಬೀದಿ ಹಲಗೆಯಾಚೆಗೂ ಮುಂದುವರಿದಂತೆ ಕಾಣುತ್ತದೆ. ಅಂಚಿಗೆ ಬಂದ ಮನೆಯನ್ನು ಪೂರ್ತಿ ಕಟ್ಟಬೇಕಿಲ್ಲ, ಹಲಗೆ ಮುಗಿದಲ್ಲಿ ಮನೆಯನ್ನೂ ಕತ್ತರಿಸಿಬಿಡಿ. ಹಾಲಿನ ಪ್ಯಾಕೆಟ್ಟಿನ ರಟ್ಟಿನಲ್ಲಿ ಮನೆಗಳ ಕಚ್ಚಾ ರೂಪ ಮಡಚಿ, ಟ್ಯಾಂಕನ್ನೂ ಇಟ್ಟು, ಕೂತು ನೋಡಿ, ಎದ್ದು ನೋಡಿ. ಈ ಹಂತದಲ್ಲಿ ಆತುರ ಬೇಡ.

ಗೋಡೆಗೆ ನನ್ನ ಮೊದಲ ಆಯ್ಕೆ ಎಕ್ಸ್‌ಪಿಎಸ್ ಎಂಬ ಬಿಗಿ ಫೋಮ್ ಹಾಳೆ. ಗುಂಡು ಗುಂಡಾಗಿ ಉದುರುವ ಥರ್ಮಾಕೋಲ್ ಇದಕ್ಕೆ ಬರುವುದಿಲ್ಲ. ಫೋಮನ್ನು 7 ಮಿ.ಮೀ. ದಪ್ಪಕ್ಕೆ ಕತ್ತರಿಸಿ, ಶಾಯಿ ತೀರಿದ ಬಾಲ್ ಪೆನ್ನಿನಿಂದ ಕಲ್ಲಿನ ಸಂದುಗಳನ್ನು ಒತ್ತಿ ಗೀರಿ. ಕಲ್ಲುಗಳು ಒಂದೇ ಗಾತ್ರವಿರಬಾರದು. ಮೂಲೆಗಲ್ಲು ಮತ್ತು ಕಿಟಕಿ ಬಾಗಿಲುಗಳ ಸುತ್ತಿನ ಕಲ್ಲುಗಳು ಮಾತ್ರ ದೊಡ್ಡವು, ನೇರ ಅಂಚಿನವು; ಉಳಿದದ್ದು ಒರಟು ಕಲ್ಲು. ಮುದುಡಿದ ಅಲ್ಯೂಮಿನಿಯಂ ಹಾಳೆಯ ಉಂಡೆಯನ್ನು ಮೇಲೆ ಒತ್ತಿ ಉರುಳಿಸಿದರೆ ಕಲ್ಲಿನ ಮೈ ಬರುತ್ತದೆ. ಒಂದು ಎಚ್ಚರಿಕೆ: ಈ ಫೋಮಿಗೆ ಸ್ಪ್ರೇ ಪೇಂಟ್, ಥಿನ್ನರ್, ಬಲವಾದ ವಾಸನೆಯ ಅಂಟು ತಾಗಿದರೆ ಕರಗಿಹೋಗುತ್ತದೆ. ಬಿಳಿ ಪಿವಿಎ ಅಂಟು (ಮರಗೆಲಸಕ್ಕೆ ಬಳಸುವಂಥದ್ದು) ಮತ್ತು ನೀರಿನ ಅಕ್ರಿಲಿಕ್ ಬಣ್ಣ ಮಾತ್ರ ಬಳಸಿ. ಬಿಸಿ ತಂತಿಯಿಂದ ಕತ್ತರಿಸುವುದಾದರೆ ಕಿಟಕಿ ತೆರೆದಿರಲಿ, ಆ ಹೊಗೆ ಒಳ್ಳೆಯದಲ್ಲ.

ಆದರೆ ಮುರಿಯಬೇಕಾದ ಗೋಡೆಯನ್ನು ಪ್ಲಾಸ್ಟರ್ ಆಫ್ ಪ್ಯಾರಿಸ್‌ನಲ್ಲಿ ಎರಕ ಹೊಯ್ಯಿರಿ. ಎರಡು ಪಾಲು ಪುಡಿಗೆ ಒಂದು ಪಾಲು ನೀರು, ಪುಡಿಯನ್ನು ನೀರಿಗೆ ಸುರಿಯಬೇಕೇ ಹೊರತು ನೀರನ್ನು ಪುಡಿಗಲ್ಲ. ಗಾಜಿನ ಮೇಲೆ ರಟ್ಟಿನ ಅಂಚು ಕಟ್ಟಿ ಸುರಿದರೆ ಒಂದು ಮೈ ನುಣುಪಾಗಿ ಬರುತ್ತದೆ. ಒಣಗಿದ ಮೇಲೆ ಹಿಂಬದಿಯಲ್ಲಿ ಆಳವಾಗಿ ಗೀರಿ, ಕೈಯಲ್ಲಿ ಹಿಡಿದು ಮುರಿಯಿರಿ. ಚಾಕುವಿನಲ್ಲಿ ಎಷ್ಟು ಕೆತ್ತಿದರೂ ಬಾರದ ಒರಟು ಅಂಚು ತಾನಾಗಿ ಬರುತ್ತದೆ, ಉದುರಿದ ಚೂರುಗಳು ಅದೇ ಗೋಡೆಯ ಅವಶೇಷವಾಗುತ್ತವೆ. ಅವನ್ನು ಎಸೆಯಬೇಡಿ.

ಮಾಡಿನದು ತಾಳ್ಮೆಯ ಕೆಲಸ. ಸ್ಲೇಟು ಕಲ್ಲಿನ ಮಾಡಿಗೆ ತುಸು ದಪ್ಪ ಕಾಗದವನ್ನು 4 ಮಿ.ಮೀ. ಅಗಲದ ಪಟ್ಟಿಗಳಾಗಿ ಕತ್ತರಿಸಿ, ಪ್ರತಿ 3 ಮಿ.ಮೀ.ಗೆ ಅರ್ಧ ಆಳಕ್ಕೆ ಕತ್ತರಿ ಹಾಕಿ, ಸೂರಿನಿಂದ ಮೇಲಕ್ಕೆ ಒಂದರ ಮೇಲೊಂದು ಏರಿಸಿ ಅಂಟಿಸುತ್ತಾ ಹೋಗಿ. ಸಾಲು ಬಿಟ್ಟು ಸಾಲು ಅರ್ಧ ಹಲ್ಲು ಸರಿಯಬೇಕು. ಹುಲ್ಲಿನ ಮಾಡಾದರೆ ಸೆಣಬಿನ ನಾರು ಚೆನ್ನಾಗಿ ಒಪ್ಪುತ್ತದೆ.

ಈಗ ಒಡೆಯುವ ವಿಷಯ. ಇದನ್ನು ನಿಧಾನವಾಗಿ ಹೇಳಬೇಕು, ಏಕೆಂದರೆ ಹೆಚ್ಚಿನವರ ಹಾಳುಮನೆಗಳು ನಂಬಿಕೆ ಹುಟ್ಟಿಸದಿರುವುದು ಇಲ್ಲೇ.

ಗೋಡೆಯನ್ನು ಹಲ್ಲು ಹಲ್ಲಾಗಿ ಕತ್ತರಿಸಿ, ಬುಡದಲ್ಲಿ ಒಂದಿಷ್ಟು ಕಲ್ಲು ಚೆಲ್ಲಿದರೆ ಹಾಳುಮನೆ ಆಗುವುದಿಲ್ಲ. ಏನು ಬಿತ್ತು, ಯಾವ ಕಡೆಯಿಂದ ಬಿತ್ತು, ಮೊದಲು ಯಾವುದು ಕುಸಿಯಿತು ಎಂದು ಕೇಳಿಕೊಳ್ಳಿ. ಫಿರಂಗಿ ಗುಂಡು ಮಾಡಿನ ಮೇಲೆ ಬಿದ್ದರೆ ಸ್ಲೇಟುಗಳು ರಾಶಿ ರಾಶಿಯಾಗಿ ಜಾರುತ್ತವೆ, ರೀಪುಗಳು ಮುರಿಯುತ್ತವೆ, ಆದರೆ ದಪ್ಪ ಪಕಾಸಿಗಳು ಹಲವು ನಿಂತೇ ಇರುತ್ತವೆ. ತೊಲೆ ಬಿದ್ದರೂ ಒಂದು ತುದಿ ಗೋಡೆಯ ಗೂಡಿನಲ್ಲಿ ಸಿಕ್ಕಿಕೊಂಡು ಇನ್ನೊಂದು ತುದಿ ನೆಲಕ್ಕೆ ಊರಿರುತ್ತದೆ. ಹೊಗೆಗೂಡಿನ ಚಿಮಣಿಯ ಕಟ್ಟಡ ದಪ್ಪವಾದ್ದರಿಂದ ಸುತ್ತಲಿನದೆಲ್ಲ ಕುಸಿದರೂ ಎಷ್ಟೋ ಕಡೆ ಅದೊಂದೇ ನಿಂತಿರುತ್ತದೆ. ಮನೆ ಉರಿದಿದ್ದರೆ ಮಸಿ ಹತ್ತುವುದು ಕಿಟಕಿಯ ಮೇಲ್ಗಡೆ, ಕೆಳಗಲ್ಲ. ಗುಂಡು ತಾಗದ ಪಕ್ಕದ ಮನೆಯಲ್ಲೂ ಗಾಜು ಉಳಿದಿರುವುದಿಲ್ಲ, ಕಿಟಕಿಯ ಮರದ ಕದಗಳು ಒಂದೇ ಕೀಲಿನಲ್ಲಿ ಜೋತಾಡುತ್ತಿರುತ್ತವೆ.

ಅವಶೇಷಗಳ ಗಾತ್ರಕ್ಕೂ ಲೆಕ್ಕವಿದೆ. ಬಿದ್ದ ಗೋಡೆಯಲ್ಲಿ ಎಷ್ಟು ಕಲ್ಲಿತ್ತೋ ಅಷ್ಟೂ ಎಲ್ಲಾದರೂ ಇರಲೇಬೇಕು. ಕಲ್ಲುರಾಶಿ ಗೋಡೆಯ ಬುಡಕ್ಕೆ ಒರಗಿ ಇಳಿಜಾರಾಗಿ, ಮನೆಯ ಒಳಗೂ ಹೊರಗೂ ಹರಡುತ್ತದೆ, ಬಾಗಿಲನ್ನು ಅರ್ಧ ಮುಚ್ಚುತ್ತದೆ. ಅದರಲ್ಲಿ ಕಲ್ಲಷ್ಟೇ ಇರುವುದಿಲ್ಲ. ಗಾರೆ, ಗಿಲಾವಿನ ಹೆಕ್ಕಳೆ, ಸ್ಲೇಟು, ಮುರಿದ ರೀಪು, ಅಟ್ಟದ ಹಲಗೆ, ಕುರ್ಚಿಯ ಕಾಲು, ಮಂಚದ ಕಬ್ಬಿಣದ ತಲೆಭಾಗ, ಪರದೆಯ ಚಿಂದಿ. ಇವೆಲ್ಲವನ್ನೂ ಮೊದಲೇ ಮಾಡಿಟ್ಟುಕೊಂಡು, ಪುಡಿಯಿಂದ ಶುರುಮಾಡಿ ದೊಡ್ಡದರವರೆಗೆ ಪದರ ಪದರವಾಗಿ ಹಾಕಿ. ನಿಂತ ಗೋಡೆಯ ಒಳಮೈಗೆ ವಾಲ್‌ಪೇಪರ್ ಅಂಟಿಸಿ, ಮಹಡಿಯ ನೆಲವಿದ್ದ ಮಟ್ಟದಲ್ಲಿ ತೊಲೆಯ ತೂತುಗಳ ಸಾಲು ಕೊರೆಯಿರಿ, ಆ ಮಟ್ಟದ ಮೇಲೆ, ನೆಲವಿಲ್ಲದೆ ಗಾಳಿಯಲ್ಲಿ ನಿಂತಂತೆ, ಮಹಡಿಯ ಕೋಣೆಯ ಚಳಿ ಕಾಯಿಸುವ ಬೆಂಕಿಗೂಡು ಕೆತ್ತಿ. ಒಂದು ಕುಟುಂಬ ಮಲಗುತ್ತಿದ್ದ ಕೋಣೆ ಬೀದಿಗೆ ತೆರೆದುಕೊಂಡಿದೆ ಎಂದು ನೋಡುವವರಿಗೆ ಆಗ ತಿಳಿಯುತ್ತದೆ. ಬೀದಿಯ ನಡುವೆ ಟ್ಯಾಂಕ್ ನಿಲ್ಲಿಸುವುದಾದರೆ ಅದು ಅಲ್ಲಿಗೆ ಬಂದ ದಾರಿಯೂ ಕಾಣಬೇಕು: ಬುಲ್ಡೋಜರ್ ರಾಶಿಯನ್ನು ಎರಡು ಬದಿಗೆ ತಳ್ಳಿದ ದಿಬ್ಬಗಳು ಇಲ್ಲವೇ ಸರಪಳಿಚಕ್ರ ಹತ್ತಿಳಿದು ಪುಡಿಮಾಡಿದ ಗುರುತು.

ಹಾಳಾದ ಹಳ್ಳಿ ಹೇಗಿರುತ್ತದೆ ಎಂದು ನೋಡಲು ಮಧ್ಯ ಫ್ರಾನ್ಸಿನ ಒರಾದೂರ್ ಸ್ಯೂರ್ ಗ್ಲಾನ್‌ನ ಫೋಟೊಗಳನ್ನು ಹುಡುಕಿ. 1944ರ ಜೂನ್ 10ರಂದು ನಾಜಿ ಪಕ್ಷದ ಸಶಸ್ತ್ರ ಪಡೆಯಾದ ಜರ್ಮನ್ ಎಸ್‌ಎಸ್ ಅಲ್ಲಿ 600ಕ್ಕೂ ಹೆಚ್ಚು ಜನರನ್ನು ಕೊಂದು ಊರಿಗೆ ಬೆಂಕಿ ಇಟ್ಟಿತು. ಆ ಅವಶೇಷಗಳನ್ನು ಫ್ರಾನ್ಸ್ ಹಾಗೇ ಕಾಪಾಡಿಕೊಂಡಿದೆ. ಸುಟ್ಟ ಮನೆಗಳೊಳಗೆ ತುಕ್ಕು ಹಿಡಿದ ಹೊಲಿಗೆ ಯಂತ್ರಗಳು, ಬೀದಿಯಲ್ಲಿ ಕಾರಿನ ಅಸ್ಥಿಪಂಜರ. ದಶಕಗಳ ಮಳೆ ಬಿಸಿಲು ಕಂಡ ಅವಶೇಷವಾದ್ದರಿಂದ ಬಣ್ಣವನ್ನು ಅಲ್ಲಿಂದ ತೆಗೆದುಕೊಳ್ಳಬೇಡಿ, ಯಾವ ವಸ್ತು ಉಳಿಯುತ್ತದೆ ಎನ್ನುವುದನ್ನು ಗಮನಿಸಿ.

ನೆಲಕ್ಕೆ ಒಣಮಣ್ಣನ್ನು ಜರಡಿ ಹಿಡಿದು, ಹುಳ ಸಾಯುವಂತೆ ಒಲೆಯ ಮೇಲೆ ಬಿಸಿ ಮಾಡಿ ಬಳಸಿ. ಮಣ್ಣು ಉದುರಿಸಿ, ಸಮಪಾಲು ನೀರು ಬೆರೆಸಿದ ಪಿವಿಎ ಅಂಟಿಗೆ ಒಂದು ತೊಟ್ಟು ಪಾತ್ರೆ ತೊಳೆಯುವ ಸೋಪು ಹಾಕಿ ಹನಿಸಿದರೆ ಒಳಗೆ ಇಳಿದು ಕಚ್ಚುತ್ತದೆ. ನಿಮ್ಮ ದೃಶ್ಯ ಊರಂಚಿನದಾದರೆ ಬೊಕಾಜ್ ಬೇಲಿ ಬಿಡಬೇಡಿ. ಅದು ಬರೀ ಗಿಡದ ಸಾಲಲ್ಲ, ಆಳೆತ್ತರದವರೆಗೂ ಏರುವ ಮಣ್ಣಿನ ದಿಬ್ಬ, ಅದರ ಮೇಲೆ ಬೇರು ಹೆಣೆದುಕೊಂಡ ಪೊದೆ ಮರಗಳು, ನಡುವೆ ತಗ್ಗಿನಲ್ಲಿ ಹೋಗುವ ದಾರಿ. ದಿಬ್ಬವನ್ನು ಫೋಮಿನಲ್ಲಿ ಕೆತ್ತಿ, ಒಣಗಿದ ಸಣ್ಣ ಬೇರುಗಳನ್ನು ಚುಚ್ಚಿ, ಮರಕ್ಕೆ ವಿದ್ಯುತ್ ವೈರಿನ ತಾಮ್ರದ ಎಳೆಗಳನ್ನು ಹೊಸೆಯಿರಿ. ಜೂನ್ ಜುಲೈ ಎಂದರೆ ಎಲೆ ತುಂಬಿದ ಕಾಲ. ಸೇಬಿನ ಮರದಲ್ಲಿ ಹೂ ಇರಕೂಡದು, ಅದರ ಕಾಲ ಆಗಲೇ ಮುಗಿದಿರುತ್ತದೆ.

ಬಣ್ಣದ ಬಗ್ಗೆ ಎರಡೇ ಮಾತು. ಈ ಅಳತೆಯಲ್ಲಿ ಎಲ್ಲ ಬಣ್ಣವೂ ನಿಜಕ್ಕಿಂತ ಒಂದಿಷ್ಟು ತಿಳಿಯಾಗಿರಲಿ, ಅಚ್ಚ ಕಪ್ಪು ಅಚ್ಚ ಬಿಳಿ ಬೇಡ. ಎಲ್ಲ ಮುಗಿದ ಮೇಲೆ ನಿಮ್ಮ ಊರಿನ ಕಲ್ಲಿನ ಬಣ್ಣದ ಸೀಮೆಸುಣ್ಣವನ್ನು ಪುಡಿಮಾಡಿ ಕಲ್ಲುರಾಶಿ, ರಸ್ತೆ, ಎಲೆ, ಟ್ಯಾಂಕಿನ ಚಕ್ರ, ಸೈನಿಕರ ಬೂಟು ಎಲ್ಲದರ ಮೇಲೂ ಮೆದು ಬ್ರಶ್‌ನಿಂದ ಹಚ್ಚಿ. ಬೇರೆ ಬೇರೆಯಾಗಿ ಮಾಡಿದ ಭಾಗಗಳನ್ನು ಒಂದು ಜಾಗಕ್ಕೆ ಸೇರಿಸುವುದು ಆ ಧೂಳೇ.

ಬೊಂಬೆಗಳು ಕೊನೆಗೆ. ಎಲ್ಲರೂ ಗುಂಡು ಹಾರಿಸುತ್ತಿರುವುದು ಬೇಡ. ನಾರ್ಮಂಡಿಯ ಕಾಳಗದಲ್ಲಿ ಸುಮಾರು 20,000 ಫ್ರೆಂಚ್ ನಾಗರಿಕರು ಸತ್ತರು, ಅವರಲ್ಲಿ ಬಹಳಷ್ಟು ಜನ ಮಿತ್ರಪಕ್ಷಗಳ ಬಾಂಬ್ ದಾಳಿಯಲ್ಲಿ. ಸೇನ್ ಲೋ ಊರಿನ ಬಹುಭಾಗವೇ ನೆಲಸಮವಾಯಿತು. ಹಾಗಿರುವಾಗ ಹಳ್ಳಿಯ ದೃಶ್ಯದಲ್ಲಿ ಹಳ್ಳಿಯವರು ಒಬ್ಬರೂ ಇಲ್ಲದಿರುವುದು ಸರಿಯಲ್ಲ ಎಂದು ನಾನು ಗಟ್ಟಿಯಾಗಿ ನಂಬಿದ್ದೇನೆ. ರೈಲ್ವೆ ಮಾದರಿಗಳಿಗೆಂದು ಬರುವ ಬೊಂಬೆಗಳು ಹೆಚ್ಚಾಗಿ 1:87 ಅಳತೆಯವು, 1:72ರ ಸೈನಿಕನ ಪಕ್ಕ ಕುಳ್ಳಗೆ ಕಾಣುತ್ತವೆ. ಅದಕ್ಕಿಂತ ಮಿಕ್ಕ ಸೈನಿಕನೊಬ್ಬನ ಹೆಲ್ಮೆಟ್ ಕೆರೆದು, ಎಪಾಕ್ಸಿ ಪುಟ್ಟಿಯಲ್ಲಿ (ಬೆರೆಸಿದ ಮೇಲೆ ಗಟ್ಟಿಯಾಗುವ ಮೆದು ಮುದ್ದೆ) ಲಂಗವನ್ನೋ ಉದ್ದ ಕೋಟನ್ನೋ ತಿದ್ದಿ, ಕೈಗೆ ಗಂಟೊಂದು ಕೊಡಿ. ಕೈಗಾಡಿ ತಳ್ಳುತ್ತಿರುವ ಒಬ್ಬ ಹೆಂಗಸು, ಬೇಲಿಯಾಚೆ ಹೊಟ್ಟೆ ಊದಿ ಸತ್ತ ಒಂದು ಹಸು. ಆ ಬೇಸಿಗೆಯ ನಾರ್ಮಂಡಿಯ ಹೊಲಗಳಲ್ಲಿ ಸತ್ತ ದನಗಳು ಎಲ್ಲೆಡೆ ಬಿದ್ದಿದ್ದವು.

ಯಾವ ಬೊಂಬೆಯನ್ನೂ ಕಡೆಯ ಸಲಕ್ಕೆಂದು ಅಂಟಿಸುವ ಮುನ್ನ ಕಾಲಿಗೆ ಗುಂಡುಸೂಜಿಯ ತುಂಡು ಚುಚ್ಚಿ, ನಿಲ್ಲಿಸಿ, ಮೊಬೈಲನ್ನು ಹಲಗೆಯ ಮಟ್ಟಕ್ಕೆ ಇಳಿಸಿ ಬೊಂಬೆಯ ಕಣ್ಣಿನ ಎತ್ತರದಿಂದ ಫೋಟೊ ತೆಗೆಯಿರಿ. ಗೋಡೆಗೂ ನೆಲಕ್ಕೂ ನಡುವಿನ ಬಿರುಕು, ತೇಲುತ್ತಿರುವ ಕಲ್ಲು, ಹೊಳೆಯುವ ಅಂಟಿನ ಕಲೆ ಎಲ್ಲವೂ ಅದರಲ್ಲಿ ಕಾಣುತ್ತದೆ. ಬಿರುಕಿಗೆ ಮಣ್ಣು ತುಂಬಿ, ಕಲೆಯ ಮೇಲೆ ಹೊಳಪಿಲ್ಲದ ಮ್ಯಾಟ್ ವಾರ್ನಿಶ್ ಹಚ್ಚಿ, ಇನ್ನೊಂದು ಫೋಟೊ ತೆಗೆದು ನೋಡಿ, ಆಮೇಲೆ ಅಂಟಿಸಿ. ಹಲಗೆಯ ಮೇಲಿನ ಕಚ್ಚಾ ರೂಪ ಸಿದ್ಧವಾದಾಗ ಅದರ ಫೋಟೊ ಇಲ್ಲಿ ಹಾಕಿದರೆ ಬೀದಿಯ ಓರೆ, ಮನೆಗಳ ಅಳತೆ ನೋಡಿ ಹೇಳುತ್ತೇನೆ.