ನಾಯಿ ಜೊತೆ ಕ್ಯಾಂಪಿಂಗ್: ಊಟ, ತಿರುಗಾಟ, ಎಚ್ಚರ

ಪ್ರಶ್ನೆ: ಮೂರು ದಿನ ಟೆಂಟ್ ಹಾಕಿಕೊಂಡು ಸುತ್ತಾಡಲು ಹೊರಟಿದ್ದೇವೆ. ಹೋದಲ್ಲಿನ ತಿಂಡಿ-ಊಟ ಸವಿಯುವುದೇ ಮುಖ್ಯ ಆಸೆ. 12 ಕೆ.ಜಿ. ತೂಕದ ನಾಯಿಯೂ ಜೊತೆಗಿರುತ್ತದೆ. ನಾವು ತಿನ್ನುವುದರಲ್ಲಿ ಅದಕ್ಕೂ ಕೊಡಬಹುದೇ?

ಉತ್ತರ: ಕೊಡಬಹುದು, ಆದರೆ ನಿಮ್ಮ ತಟ್ಟೆಯಿಂದಲ್ಲ. ಹೊರಗಿನ ಅಡುಗೆಯಲ್ಲಿ ಈರುಳ್ಳಿ, ಬೆಳ್ಳುಳ್ಳಿ ಎಲ್ಲಿ ಅಡಗಿರುತ್ತದೋ ಹೇಳಲಾಗದು. ಇವು ನಾಯಿಯ ಕೆಂಪು ರಕ್ತಕಣಗಳನ್ನು ಒಡೆಯುತ್ತವೆ. ಬೇಯಿಸಿದರೂ, ಹುರಿದರೂ, ಪುಡಿ ಮಾಡಿದರೂ ವಿಷ ಹೋಗುವುದಿಲ್ಲ. ಪ್ರತಿ ಕೆ.ಜಿ. ತೂಕಕ್ಕೆ 15ರಿಂದ 30 ಗ್ರಾಂ ಈರುಳ್ಳಿ ಹೊಟ್ಟೆಗೆ ಹೋದರೆ ರಕ್ತದಲ್ಲಿ ಏರುಪೇರು ಕಾಣುತ್ತದೆ. ನಿಮ್ಮ ನಾಯಿಯ ಲೆಕ್ಕದಲ್ಲಿ 180 ಗ್ರಾಂ, ಅಂದರೆ ಎರಡೇ ಎರಡು ಈರುಳ್ಳಿ. ದಿನಾ ಸ್ವಲ್ಪಸ್ವಲ್ಪ ತಿಂದರೂ ತೊಂದರೆ ತಪ್ಪಿದ್ದಲ್ಲ. ವಸಡು ಬಿಳಿಚುವುದು, ಮೂತ್ರ ಕಂದಾಗುವುದು, ಸುಸ್ತು, ಇವೆಲ್ಲ ಸಾಮಾನ್ಯವಾಗಿ ಕೆಲವು ದಿನಗಳ ನಂತರ ಶುರುವಾಗುತ್ತವೆ. ಅಷ್ಟರಲ್ಲಿ ನೀವು ಮನೆ ಸೇರಿ ಆ ಊಟವನ್ನೇ ಮರೆತಿರುತ್ತೀರಿ!

ದ್ರಾಕ್ಷಿ, ಒಣದ್ರಾಕ್ಷಿ ಮೂತ್ರಪಿಂಡಕ್ಕೆ ಮಾರಕ. ಚಾಕೊಲೇಟ್ ಮತ್ತು ಕ್ಸೈಲಿಟಾಲ್ (ಸಕ್ಕರೆ ಬದಲು ಹಾಕುವ ಸಿಹಿ) ಬೆರೆತ ಶುಗರ್‌ಫ್ರೀ ಚ್ಯೂಯಿಂಗ್ ಗಮ್ ಕೂಡ ಬೇಡ. ಬೇಯಿಸಿದ ಮೂಳೆ ಚೂಪಾಗಿ ಸೀಳಿ ಕರುಳಿಗೆ ಚುಚ್ಚುತ್ತದೆ. ಹೆಚ್ಚಿನವರಿಗೆ ಹೊಳೆಯದ ಅಪಾಯ ಜೋಳದ ದಿಂಡಿನದು. ಕಾಳು ತಿಂದು ಎಸೆದ ದಿಂಡನ್ನು ನಾಯಿ ತುಂಡುತುಂಡಾಗಿ ನುಂಗುತ್ತದೆ. ಅದು ಜೀರ್ಣವಾಗುವುದಿಲ್ಲ, ಕರುಳಲ್ಲಿ ಸಿಕ್ಕಿಕೊಂಡರೆ ಆಪರೇಷನ್ನೇ ಗತಿ. ಮಸಾಲೆ ಹತ್ತಿದ ಕಬಾಬ್ ಕಡ್ಡಿಯೂ ಹಾಗೆಯೇ. ತಿಂದ ಕೂಡಲೇ ಎಣಿಸಿ ಮುಚ್ಚಳದ ಡಬ್ಬಿಗೆ ಹಾಕಿ.

ಉಪ್ಪು, ಮಸಾಲೆ ಬೀಳುವ ಮೊದಲೇ ಬೆಂದ ಮಾಂಸ, ಮೊಟ್ಟೆ, ಅನ್ನ ಅಥವಾ ಕ್ಯಾರೆಟ್ ಒಂದಿಷ್ಟು ತೆಗೆದಿಡಲು ಕೇಳಿ. ಹೊಸದೇನಿದ್ದರೂ ದಿನಕ್ಕೆ ಒಂದೇ, ಮೊದಲ ಸಲ ಒಂದು ಚಮಚ. ಇಂಥ ರುಚಿಯೆಲ್ಲ ಸೇರಿ ದಿನದ ಆಹಾರದ ಹತ್ತನೇ ಒಂದು ಭಾಗ ಮೀರದಿರಲಿ. ಉಳಿದದ್ದು ಮನೆಯಲ್ಲಿ ತಿನ್ನುವ ಆಹಾರವೇ ಆಗಲಿ, ಒಂದು ದಿನಕ್ಕಾಗುವಷ್ಟು ಹೆಚ್ಚೇ ಒಯ್ಯಿರಿ. ಪ್ರಯಾಣದಲ್ಲಿ ಆಹಾರವನ್ನೂ ಬದಲಿಸಿದರೆ ಭೇದಿ ಖಚಿತವೆಂದೇ ಇಟ್ಟುಕೊಳ್ಳಿ, ಟೆಂಟಿನಲ್ಲಿ ಅದನ್ನು ನಿಭಾಯಿಸುವುದು ಯಾರಿಗೂ ಬೇಡ.

ಪ್ರಶ್ನೆ: ಹೊರಾಂಗಣದ ಹೋಟೆಲಿನಲ್ಲಿ ಕೂತರೆ ನಮ್ಮ ನಾಯಿ ಪಕ್ಕದ ಟೇಬಲಿನವರ ಹತ್ತಿರ ಹೋಗಿ ಕಾಡುತ್ತದೆ. ಏನು ಮಾಡುವುದು?

ಉತ್ತರ: ಹಸಿದ, ಓಡಾಡದ ನಾಯಿ ಸುಮ್ಮನೆ ಕೂರುವುದಿಲ್ಲ. ಮೊದಲು ಅರ್ಧ ಗಂಟೆ ನಡೆಸಿ, ಸ್ವಲ್ಪ ಹೊತ್ತು ಸುಧಾರಿಸಿಕೊಂಡ ಮೇಲೆ ಅದರ ಊಟ ಮುಗಿಸಿ, ಆಮೇಲೆ ಹೋಗಿ. ಮೂಲೆಯ ಟೇಬಲ್ ಕೇಳಿ, ಮಾಣಿ ಓಡಾಡುವ ದಾರಿ ಬೇಡ. ಮನೆಯಲ್ಲೇ ಬಳಸಿದ ಚಾಪೆ ಹಾಸಿದರೆ ಮಲಗುವ ಜಾಗ ಇದೇ ಎಂದು ಅದಕ್ಕೆ ತಿಳಿಯುತ್ತದೆ. ಹಗ್ಗವನ್ನು ಪ್ಲಾಸ್ಟಿಕ್ ಕುರ್ಚಿಗೆ ಕಟ್ಟಲೇಬೇಡಿ: ಕುರ್ಚಿ ಸರಿದ ಸದ್ದಿಗೆ ಬೆದರಿ ನಾಯಿ ಓಡುತ್ತದೆ, ಕುರ್ಚಿ ಹಿಂದೆಯೇ ಬರುತ್ತದೆ, ಅದು ಇನ್ನೂ ಓಡುತ್ತದೆ. ಒಂದು ಮೀಟರ್ ಸಡಿಲ ಬಿಟ್ಟು ಹಿಡಿಯ ಕುಣಿಕೆಯನ್ನು ತೊಡೆಯ ಕೆಳಗೆ ಒತ್ತಿ ಕೂರಿ. ತಿನಿಸು ಕೊಡುವುದು ಸುಮ್ಮನೆ ಮಲಗಿದ್ದಾಗ ಮಾತ್ರ. ಕುಂಯ್‌ಗುಟ್ಟಿದಾಗ ಕೊಟ್ಟರೆ ಅದನ್ನೇ ಕಲಿಸಿದಂತೆ.

ಪ್ರಶ್ನೆ: ನಾಯಿಗೆ ಪ್ರವೇಶವಿಲ್ಲದ ಕಡೆ ಹದಿನೈದು ನಿಮಿಷ ಕಾರಲ್ಲೇ ಬಿಡಬಹುದೇ?

ಉತ್ತರ: ಬೇಡ. ಹೊರಗೆ 30 ಡಿಗ್ರಿ ಸೆಲ್ಸಿಯಸ್ ಇದ್ದರೆ ಬಿಸಿಲಲ್ಲಿ ನಿಂತ ಕಾರಿನೊಳಗೆ ಹತ್ತೇ ನಿಮಿಷದಲ್ಲಿ 40ರ ಹತ್ತಿರ ಮುಟ್ಟುತ್ತದೆ. ಗಾಜು ನಾಲ್ಕು ಬೆರಳು ಇಳಿಸಿದರೂ ಹೆಚ್ಚೇನೂ ಬದಲಾಗದು. ಬಿಸಿಲಿನ ಟೆಂಟೂ ಅಷ್ಟೇ. ಒಬ್ಬೊಬ್ಬರಾಗಿ ಒಳಗೆ ಹೋಗಿ ಬನ್ನಿ. ವಿಪರೀತ ಏದುಸಿರು, ದಪ್ಪ ಜೊಲ್ಲು, ತೂರಾಟ ಕಂಡರೆ ನೆರಳಿಗೆ ಒಯ್ದು ಮೈಮೇಲೆ ತಣ್ಣೀರು ಸುರಿಯುತ್ತ ಗಾಳಿ ಹಾಕಿ. ಒದ್ದೆ ಟವೆಲ್ ಹೊದಿಸಿ ಬಿಡಬೇಡಿ, ಅದು ಬಿಸಿಯನ್ನು ಒಳಗೇ ಹಿಡಿಯುತ್ತದೆ. ತಣಿಸಿದ ಕೂಡಲೇ ಪಶುವೈದ್ಯರ ಬಳಿ ಹೊರಡಿ, ಚೇತರಿಸಿಕೊಂಡಂತೆ ಕಂಡರೂ ಸರಿಯೇ.

ಪ್ರಶ್ನೆ: ಹುಲ್ಲುಗಾವಲಲ್ಲಿ ಸುತ್ತಿ ಬಂದ ಮೇಲೆ ನಾಯಿಯ ಮೈಯಲ್ಲಿ ಉಣ್ಣಿ (ರಕ್ತ ಹೀರುವ ಹುಳ) ಕಂಡರೆ?

ಉತ್ತರ: ಕಿವಿಯ ಒಳಗೆ, ಬೆರಳ ಸಂದಿಯಲ್ಲಿ, ಬಾಲದ ಬುಡದಲ್ಲಿ ದಿನಾ ಸಂಜೆ ಬೆರಳಾಡಿಸಿ ನೋಡಿ. ಸಿಕ್ಕಿದರೆ ಚಿಮಟದಿಂದ ಚರ್ಮಕ್ಕೆ ತಾಗುವಷ್ಟು ಹತ್ತಿರ ಹಿಡಿದು ನಿಧಾನವಾಗಿ ನೇರ ಎಳೆಯಿರಿ. ಎಣ್ಣೆ ಸವರುವುದು, ಬೆಂಕಿ ತಾಗಿಸುವುದು ಬೇಡ.